ಮೊಟ್ಟೆ, ಹಾಲು ಮತ್ತು ಒಂದು ಬೀದಿ: ಲಂಡನ್ನಿನಲ್ಲಿ ಊಟ ಹುಡುಕಿದವರ ಚರಿತ್ರೆ

ಲಂಡನ್ನಿಗೆ ಹೊರಟವರ ಮನೆಯಲ್ಲಿ ವೀಸಾ, ಟಿಕೆಟ್, ಚಳಿಯ ಕೋಟು ಎಲ್ಲ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: ಅಲ್ಲಿ ಊಟಕ್ಕೆ ಏನು ಮಾಡ್ತೀರಿ? ಈ ಪ್ರಶ್ನೆಗೆ ಈಗ ಫೋನಿನಲ್ಲಿ ಅರೆ ನಿಮಿಷದಲ್ಲಿ ಉತ್ತರ ಸಿಗುತ್ತದೆ. ‘ವೀಗನ್’ ಎಂದು ಒತ್ತಿದರೆ ನಕ್ಷೆಯ ತುಂಬ ಹಸಿರು ಚುಕ್ಕೆಗಳು. ಆದರೆ ಆ ಪದ ಹುಟ್ಟಿ ಇನ್ನೂ ನೂರು ವರ್ಷ ಆಗಿಲ್ಲ, ಹುಟ್ಟಿದ್ದು ಇಂಗ್ಲೆಂಡಿನಲ್ಲೇ. ಅದಕ್ಕೂ ಮುಂಚೆ ಇದೇ ಪ್ರಶ್ನೆ ಹೊತ್ತು ಲಂಡನ್ನಿನ ಬೀದಿ ಅಲೆದವರ ಕಥೆ ಗೊತ್ತಿದ್ದರೆ ಆ ಹಸಿರು ಚುಕ್ಕೆಗಳು ಬೇರೆಯಾಗಿಯೇ ಕಾಣುತ್ತವೆ.

ಹಾಗೆ ಅಲೆದವರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವವರು ಗಾಂಧಿ. 1888ರ ಶರತ್ಕಾಲದಲ್ಲಿ ಬ್ಯಾರಿಸ್ಟರ್ ಓದಲು ಬಂದಿಳಿದಾಗ ಅವರಿಗೆ ಇನ್ನೂ ಹತ್ತೊಂಬತ್ತರ ಹರೆಯ. ಹೊರಡುವ ಮುಂಚೆ ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುವಿನ ಎದುರು ತಾಯಿಗೆ ಮೂರು ಮಾತು ಕೊಟ್ಟಿದ್ದರು. ಮಾಂಸ, ಮದ್ಯ, ಹೆಣ್ಣು ಈ ಮೂರನ್ನೂ ಮುಟ್ಟುವುದಿಲ್ಲ ಎಂದು. ಉಳಿದ ಮನೆಗಳಲ್ಲಿ ಸಿಗುತ್ತಿದ್ದುದು ಬೆಳಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ರಾತ್ರಿ ಬೇಯಿಸಿದ ಸೊಪ್ಪು, ಬ್ರೆಡ್ಡು, ಜಾಮು. ಇನ್ನೂ ಎರಡು ತುಂಡು ಬ್ರೆಡ್ ಕೇಳಲು ನಾಚಿಕೆ. ಹಸಿವು ತಾಳದೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಹುಡುಕುತ್ತಿದ್ದರು. ಕೊನೆಗೊಂದು ದಿನ ಫ್ಯಾರಿಂಗ್ಡನ್ ಬೀದಿಯ ಹತ್ತಿರ ‘ಸೆಂಟ್ರಲ್’ ಎಂಬ ಸಸ್ಯಾಹಾರಿ ರೆಸ್ಟೊರೆಂಟ್ ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕಗಳಿದ್ದವು. ಹೆನ್ರಿ ಸಾಲ್ಟ್ ಬರೆದ, ಸಸ್ಯಾಹಾರದ ಪರವಾಗಿ ವಾದಿಸುವ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡು ನೇರ ಊಟದ ಕೋಣೆಗೆ ಹೋದರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡ ಮೊದಲ ಊಟ ಅದು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಷ್ಟು ಶಾಲೆಯ ಪಾಠದಲ್ಲೂ ಬಂದೀತು. ಗಮನಿಸಬೇಕಾದ್ದು ಇನ್ನೊಂದಿದೆ. ಆ ಹೋಟೆಲು ಗಾಂಧಿಯಂಥ ಭಾರತೀಯರಿಗಾಗಿ ತೆರೆದದ್ದಲ್ಲ. 1847ರಲ್ಲಿ ರಾಮ್ಸ್‌ಗೇಟ್ ಎಂಬ ಕಡಲತೀರದ ಊರಿನಲ್ಲಿ ಇಂಗ್ಲೆಂಡಿನ ಸಸ್ಯಾಹಾರಿ ಸಂಘ ಶುರುವಾಗಿತ್ತು. 1880ರ ದಶಕದ ಹೊತ್ತಿಗೆ ಲಂಡನ್ನಿನಲ್ಲಿ ಇಂಥ ಊಟದ ಮನೆಗಳು ಹತ್ತಾರು ಇದ್ದವು. ಗಿರಾಕಿಗಳಲ್ಲಿ ಬಹುಪಾಲು ಆಫೀಸಿನ ಗುಮಾಸ್ತರು, ಅಂಗಡಿ ನೌಕರರು, ಕೆಲಸಕ್ಕೆ ಹೋಗತೊಡಗಿದ್ದ ಹೆಣ್ಣುಮಕ್ಕಳು. ಮಾಂಸ ದುಬಾರಿ, ಬೇಳೆಕಾಳಿನ ಊಟ ಅಗ್ಗ. ಆರು ಪೆನ್ನಿಗೆ ಹೊಟ್ಟೆ ತುಂಬುತ್ತಿತ್ತು. ಮದ್ಯ ಇಲ್ಲದ, ಹೆಂಗಸರು ಒಬ್ಬರೇ ಕೂತು ಉಣ್ಣಬಹುದಾದ ಜಾಗಗಳು ಆ ಕಾಲದ ಲಂಡನ್ನಿನಲ್ಲಿ ಹೆಚ್ಚಿರಲಿಲ್ಲ. ಮುಂಬೈಯ ಓದುಗರಿಗೆ ಮಾಟುಂಗ ನೆನಪಾಗಬಹುದು. 1942ರಲ್ಲಿ ಅಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೂ ಕೆಲಸ ಹುಡುಕಿ ಬಂದ, ಅಡುಗೆಮನೆ ಇಲ್ಲದ ಜನರೇ ಆಧಾರ. ದೊಡ್ಡ ಊರುಗಳಲ್ಲಿ ಊಟದ ಮನೆ ಹುಟ್ಟುವ ಬಗೆ ಹೆಚ್ಚುಕಡಿಮೆ ಒಂದೇ.

ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ನಮ್ಮಲ್ಲಿ ಸಸ್ಯಾಹಾರ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದು, ಜಾತಿಯ ಗುರುತು. ಲಂಡನ್ನಿನ ಆ ಊಟದ ಮನೆಗಳಿಗೆ ಬರುತ್ತಿದ್ದವರು ಮಾಂಸ ತಿನ್ನುವ ಮನೆಗಳಲ್ಲಿ ಹುಟ್ಟಿ, ಯೋಚಿಸಿ ಅದನ್ನು ಬಿಟ್ಟವರು. ಅವರಲ್ಲಿ ಸಮಾಜವಾದಿಗಳಿದ್ದರು, ಪ್ರಾಣಿಗಳ ಮೇಲಿನ ಪ್ರಯೋಗ ವಿರೋಧಿಸುವವರಿದ್ದರು. ಮುಂದೆ 1906ರಲ್ಲಿ ಚಾಂಡೋಸ್ ಬೀದಿಯಲ್ಲಿ ಯೂಸ್ಟೇಸ್ ಮೈಲ್ಸ್ ಎಂಬ ಟೆನಿಸ್ ಆಟಗಾರ ತೆರೆದ ಸಸ್ಯಾಹಾರಿ ರೆಸ್ಟೊರೆಂಟಿನಲ್ಲಿ, ಮತದಾನದ ಹಕ್ಕಿಗಾಗಿ ಜೈಲಿಗೆ ಹೋಗಿ ಬಿಡುಗಡೆಯಾದ ಹೆಂಗಸರಿಗೆ ಸ್ವಾಗತದ ಉಪಾಹಾರ ಕೂಟಗಳು ನಡೆದವು. ಅಲ್ಲಿ ಮಾಂಸ ಬಿಡುವುದು ಮಡಿ ಕಾಯುವ ಕೆಲಸವಾಗಿರಲಿಲ್ಲ, ಲೋಕ ಹೀಗೇ ಇರಬೇಕಿಲ್ಲ ಎಂದು ಹೇಳುವ ರೀತಿಯಾಗಿತ್ತು. ಗಾಂಧಿ ಸಾಲ್ಟ್‌ನ ಪುಸ್ತಕ ಓದಿದ ಮೇಲೆ ಆದ ಬದಲಾವಣೆಯೂ ಅದೇ. ಅಲ್ಲಿಯವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಬಿಟ್ಟಿದ್ದವರು, ಆ ದಿನದಿಂದ ಸ್ವಂತ ಆಯ್ಕೆಯ ಸಸ್ಯಾಹಾರಿಯಾದರು.

ಆಯ್ಕೆ ಮಾಡಿಕೊಂಡ ತಕ್ಷಣ ಎದುರಾದದ್ದು ಪದದ ಸಮಸ್ಯೆ. ಭಾಷಾವಿಜ್ಞಾನ ಓದಿ, ಅನುವಾದವನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನನಗೆ ಆತ್ಮಕಥೆಯ ಈ ಭಾಗ ಬಹಳ ಇಷ್ಟ. ‘ಮಾಂಸ’ ಎಂದರೇನು? ಇಂಗ್ಲೆಂಡಿನ ಸಸ್ಯಾಹಾರಿಗಳಲ್ಲಿ ಗಾಂಧಿ ಮೂರು ಅರ್ಥಗಳನ್ನು ಕಂಡರು. ಒಂದರ ಪ್ರಕಾರ ಹಕ್ಕಿ ಮತ್ತು ಮೃಗಗಳದು ಮಾತ್ರ ಮಾಂಸ, ಮೀನು ತಿನ್ನಬಹುದು. ಎರಡನೆಯದರ ಪ್ರಕಾರ ಎಲ್ಲ ಜೀವಿಗಳದೂ ಮಾಂಸವೇ, ಆದರೆ ಮೊಟ್ಟೆ ನಡೆಯುತ್ತದೆ. ಮೂರನೆಯದರಲ್ಲಿ ಜೀವಿಗಳಿಂದ ಬರುವ ಮೊಟ್ಟೆ, ಹಾಲು ಕೂಡ ಸೇರುತ್ತವೆ. ಎರಡನೆಯ ಅರ್ಥ ಹಿಡಿದು ಕೆಲಕಾಲ ಮೊಟ್ಟೆಯನ್ನೂ ತಿಂದರು. ಆಮೇಲೆ ಯೋಚಿಸಿದರು: ಮಾತು ಕೊಟ್ಟದ್ದು ತಾಯಿಗೆ, ಆದ್ದರಿಂದ ಅದರ ಅರ್ಥ ತಾಯಿಯ ಮನಸ್ಸಿನಲ್ಲಿದ್ದ ಅರ್ಥ. ತಾಯಿಯ ‘ಮಾಂಸ’ದಲ್ಲಿ ಮೊಟ್ಟೆ ಇತ್ತು. ಬಿಟ್ಟುಬಿಟ್ಟರು. ಅಲ್ಲಿಂದ ಮುಂದೆ ಕಷ್ಟ ಹೆಚ್ಚಿತು, ಏಕೆಂದರೆ ಸಸ್ಯಾಹಾರಿ ರೆಸ್ಟೊರೆಂಟಿನಲ್ಲೇ ಎಷ್ಟೋ ಪುಡ್ಡಿಂಗು, ಕೇಕುಗಳಲ್ಲಿ ಮೊಟ್ಟೆ ಇರುತ್ತಿತ್ತು. ಪ್ರತಿ ತಿನಿಸಿಗೂ ಕೇಳಬೇಕು.

ಇಂದು ಲಂಡನ್ನಿಗೆ ಹೋಗುವ ಸಸ್ಯಾಹಾರಿ ಕನ್ನಡಿಗರು ಕೇಳುವ ಪ್ರಶ್ನೆ ಅದೇ. ಇಂಗ್ಲಿಷಿನ ‘ವೆಜಿಟೇರಿಯನ್’ ಒಳಗೆ ಮೊಟ್ಟೆ ಇದೆ. ನಮ್ಮ ‘ಸಸ್ಯಾಹಾರ’ದೊಳಗೆ ಇಲ್ಲ, ಆದರೆ ಹಾಲು, ಮೊಸರು, ತುಪ್ಪ ಇವೆ. ಮಾಟುಂಗದ ಬೋರ್ಡಿನ ಮೇಲಿನ ‘ಪ್ಯೂರ್ ವೆಜ್’ ಅನ್ನು ಲಂಡನ್ನಿನ ಯಾವ ಒಂದು ಪದಕ್ಕೂ ನೇರ ಅನುವಾದ ಮಾಡಲಾಗದು. ಹಾಗಾಗಿ ನಮ್ಮವರು ಅನೇಕರು ಮೊಟ್ಟೆ ತಪ್ಪಿಸಲೆಂದು ‘ವೀಗನ್’ ಎನ್ನುತ್ತಾರೆ, ಆಮೇಲೆ ಚಹಾಕ್ಕೆ ಹಾಲು ಕೇಳುತ್ತಾರೆ.

ಇನ್ನೊಂದು ಪ್ರಸಂಗ ನಡೆದದ್ದು ಹೋಬರ್ನ್‌ನಲ್ಲಿ. ಗಾಂಧಿಯ ಗೆಳೆಯರೊಬ್ಬರು ಅವರನ್ನು ನಾಟಕಕ್ಕೆ ಕರೆದರು. ಅದಕ್ಕೂ ಮೊದಲು ಅರಮನೆಯಂಥ ಹೋಬರ್ನ್ ರೆಸ್ಟೊರೆಂಟಿನಲ್ಲಿ ಊಟ. ಅಂಥ ಜಾಗದಲ್ಲಿ ಹುಡುಗ ಸಂಕೋಚಕ್ಕೆ ಸುಮ್ಮನಿರುತ್ತಾನೆ ಎಂಬುದು ಗೆಳೆಯರ ಲೆಕ್ಕ. ಮೊದಲು ಸೂಪ್ ಬಂತು. ಇದರಲ್ಲಿ ಮಾಂಸ ಇದೆಯೇ ಎಂದು ಕೇಳಲು ಗಾಂಧಿ ಮಾಣಿಯನ್ನು ಕರೆದರು. ಗೆಳೆಯರಿಗೆ ಸಿಟ್ಟು ಬಂತು. ಸಭ್ಯರ ನಡುವೆ ಇರಲು ಬಾರದಿದ್ದರೆ ಬೇರೆಲ್ಲಾದರೂ ತಿಂದು ಹೊರಗೆ ಕಾದಿರು ಎಂದರು. ಗಾಂಧಿ ಎದ್ದು ಹೊರಬಂದರು. ಹತ್ತಿರವೇ ಒಂದು ಸಸ್ಯಾಹಾರಿ ರೆಸ್ಟೊರೆಂಟಿತ್ತು, ಅದು ಮುಚ್ಚಿತ್ತು. ಆ ರಾತ್ರಿ ಉಪವಾಸವಿದ್ದು ನಾಟಕ ನೋಡಿದರು.

1891ರ ಜೂನಿನಲ್ಲಿ ಊರಿಗೆ ಮರಳುವ ಮುನ್ನ ಸಸ್ಯಾಹಾರಿ ಗೆಳೆಯರಿಗೆ ಬೀಳ್ಕೊಡುಗೆಯ ಊಟ ಹಾಕಿದಾಗ ಅವರು ಆರಿಸಿಕೊಂಡದ್ದು ಅದೇ ಹೋಬರ್ನ್ ರೆಸ್ಟೊರೆಂಟನ್ನು. ಸಸ್ಯಾಹಾರದ ಊಟ ಸಸ್ಯಾಹಾರಿ ಹೋಟೆಲಿನಲ್ಲಿ ಸಿಕ್ಕೇ ಸಿಗುತ್ತದೆ, ಮಾಂಸಾಹಾರಿ ಹೋಟೆಲಿನಲ್ಲಿ ಯಾಕೆ ಸಿಗಬಾರದು ಎಂಬುದು ಅವರ ವಾದ. ಅಡುಗೆಯವರೊಂದಿಗೆ ಮಾತಾಡಿ ಪೂರ್ತಿ ಸಸ್ಯಾಹಾರದ ಊಟ ಮಾಡಿಸಿದರು. ಅಂದಿನ ಭಾಷಣ ಅವರ ಸಂಕೋಚದಿಂದ ಒಂದು ವಾಕ್ಯಕ್ಕೇ ನಿಂತುಹೋಯಿತು ಎಂಬುದನ್ನು ಎಲ್ಲರೂ ನೆನೆಸಿಕೊಳ್ಳುತ್ತಾರೆ. ನನಗೆ ಭಾಷಣಕ್ಕಿಂತ ಮುಖ್ಯ ಎನಿಸುವುದು ಜಾಗದ ಆಯ್ಕೆ. ಬೇರೆ ಹೋಟೆಲು ಕಟ್ಟಿಕೊಂಡು ಬೇರೆಯಾಗಿ ಉಣ್ಣುವುದು ಒಂದು ದಾರಿ. ಎಲ್ಲರ ಮೇಜಿನಲ್ಲೇ ನಮ್ಮ ತಟ್ಟೆಗೂ ಜಾಗ ಕೇಳುವುದು ಇನ್ನೊಂದು ದಾರಿ.

ಮೂರನೆಯ ಅರ್ಥ, ಹಾಲನ್ನೂ ಒಳಗೊಂಡದ್ದು, ಹೆಸರಿಲ್ಲದೆ ಐವತ್ತು ವರ್ಷ ಕಾಯಿತು. ಈ ನಡುವೆ ಗಾಂಧಿ 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟರು. 1918ರಲ್ಲಿ ಕಾಯಿಲೆಯಿಂದ ಸಾವಿನ ಹತ್ತಿರ ಹೋದಾಗ ಕಸ್ತೂರಬಾ ಒಂದು ದಾರಿ ತೋರಿಸಿದರು: ನೀವು ಬಿಟ್ಟದ್ದು ಹಸು, ಎಮ್ಮೆಯ ಹಾಲು, ಆಡಿನ ಹಾಲಲ್ಲವಲ್ಲ. ಗಾಂಧಿ ಕುಡಿದರು, ಬದುಕಿದರು. ವ್ರತದ ಅಕ್ಷರ ಉಳಿಸಿಕೊಂಡು ಆತ್ಮ ಕಳೆದುಕೊಂಡೆ ಎಂಬ ಕೊರಗು ಕೊನೆಯವರೆಗೂ ಉಳಿಯಿತು. ‘ಮಾಂಸ’ದ ಅರ್ಥವನ್ನು ಹಿಗ್ಗಿಸಿ ಮೊಟ್ಟೆ ಬಿಟ್ಟವರೇ ‘ಹಾಲಿ’ನ ಅರ್ಥವನ್ನು ಕುಗ್ಗಿಸಿ ಜೀವ ಉಳಿಸಿಕೊಂಡರು.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಾಗ ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ಮಾತಾಡಿದರು. ಮುದುಕರಾಗಿದ್ದ ಹೆನ್ರಿ ಸಾಲ್ಟ್ ಆ ಸಭೆಯಲ್ಲಿದ್ದರು. ಆರೋಗ್ಯಕ್ಕೆಂದು ಮಾಂಸ ಬಿಟ್ಟವರು ಹೆಚ್ಚು ದಿನ ನಿಲ್ಲುವುದಿಲ್ಲ, ಅದಕ್ಕೆ ನೀತಿಯ ತಳಹದಿ ಬೇಕು ಎಂಬುದು ಆ ಮಾತಿನ ಸಾರ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಷನ್ ವ್ಯವಸ್ಥೆ ಸಸ್ಯಾಹಾರಿಗಳನ್ನು ಗುರುತಿಸಿ, ಮಾಂಸದ ಬದಲು ಹೆಚ್ಚಿನ ಚೀಸ್ ಕೊಡುತ್ತಿತ್ತು. ಚೀಸ್ ಕೂಡ ಬೇಡ ಎನ್ನುವವರಿಗೆ ಅದರಿಂದ ಪ್ರಯೋಜನವಿಲ್ಲ. ಅಂಥವರಲ್ಲೊಬ್ಬರು ಡೊನಾಲ್ಡ್ ವಾಟ್ಸನ್, ಮರಗೆಲಸ ಕಲಿಸುವ ಮೇಷ್ಟ್ರು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಹೊಲದಲ್ಲಿ ಹಂದಿ ಕಡಿಯುವುದನ್ನು ಕಂಡು ಮಾಂಸ ಬಿಟ್ಟವರು. ಸಸ್ಯಾಹಾರಿ ಸಂಘದ ಪತ್ರಿಕೆಯಲ್ಲಿ ಹಾಲಿಲ್ಲದ ಆಹಾರಕ್ಕೆ ಒಂದು ಭಾಗ ಕೊಡಿ ಎಂದು ಕೇಳಿದಾಗ ಸಂಘ ಒಪ್ಪಲಿಲ್ಲ. 1944ರ ನವೆಂಬರಿನಲ್ಲಿ ಎಲ್ಸಿ ಶ್ರಿಗ್ಲಿ ಮತ್ತಿತರರೊಂದಿಗೆ ವಾಟ್ಸನ್ ಸಭೆ ಸೇರಿ ಹೊಸ ಸಂಘ ಕಟ್ಟಿದರು. ಸಭೆ ಸೇರಿದ್ದು ಹೋಬರ್ನ್‌ನ ಅಟಿಕ್ ಕ್ಲಬ್‌ನಲ್ಲಿ. ಗಾಂಧಿ ಸೂಪ್ ಬಿಟ್ಟು ಎದ್ದುಬಂದ ಅದೇ ಹೋಬರ್ನ್. ‘ವೆಜಿಟೇರಿಯನ್’ ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರ ಇಟ್ಟುಕೊಂಡು ‘ವೀಗನ್’ ಎಂದು ಹೆಸರಿಟ್ಟರು. ಸಂಘದ ಮೊದಲ ಪತ್ರಿಕೆ ಕೈಯಲ್ಲಿ ಟೈಪ್ ಮಾಡಿದ್ದು, ಬೆಲೆ ಎರಡು ಪೆನ್ನಿ.

ಪದ ಬಂದರೂ ತಟ್ಟೆ ಬರಲು ತಡವಾಯಿತು. ಕಾರ್ನಬಿ ಬೀದಿಯಲ್ಲಿ 1961ರಲ್ಲಿ ಶುರುವಾದ ‘ಕ್ರ್ಯಾಂಕ್ಸ್’ ಸಸ್ಯಾಹಾರಕ್ಕೆ ಹೊಸ ಕಳೆ ಕೊಟ್ಟಿತು. ಹೆಸರಿನ ಅರ್ಥ ‘ತಿಕ್ಕಲರು’, ಜನ ಬೈಯುತ್ತಿದ್ದ ಪದವನ್ನೇ ಬೋರ್ಡಿಗೆ ಏರಿಸಿದ್ದರು. ಆದರೆ ಅಲ್ಲಿ ಚೀಸು ಮೊಟ್ಟೆ ಧಾರಾಳ. ಮುಂದಿನ ದಶಕದಲ್ಲಿ ಯೂಸ್ಟನ್ ನಿಲ್ದಾಣದ ಹಿಂದಿನ ಡ್ರಮಂಡ್ ಬೀದಿಯಲ್ಲಿ ‘ದಿವಾನಾ ಭೇಲ್‌ಪೂರಿ ಹೌಸ್’ನಂಥ ಭಾರತೀಯ ಸಸ್ಯಾಹಾರಿ ಹೋಟೆಲುಗಳು ಬಂದವು. ಚೌಪಾಟಿಯ ಭೇಲ್, ದಕ್ಷಿಣದ ದೋಸೆ ಎರಡೂ ಅಲ್ಲಿ ಒಂದೇ ಮೆನುವಿನಲ್ಲಿದ್ದವು. ವೀಗನ್ ಎಂದು ಬೋರ್ಡು ಹಾಕದೆಯೇ ಭೇಲ್, ಇಡ್ಲಿ, ಎಣ್ಣೆ ದೋಸೆ ವೀಗನ್ ಆಗಿದ್ದವು. ಸೋಹೋದಲ್ಲಿ 1988ರಲ್ಲಿ ಸಸ್ಯಾಹಾರಿಯಾಗಿ ಶುರುವಾದ ‘ಮಿಲ್ಡ್ರೆಡ್ಸ್’ ಈಚಿನ ವರ್ಷಗಳಲ್ಲಿ ಪೂರ್ತಿ ವೀಗನ್ ಆಯಿತು.

ಈಗ ಹೋಗುವವರಿಗೆ ಕೆಲವು ಮಾತು. ಬ್ರಿಟನ್ನಿನಲ್ಲಿ ‘ವೀಗನ್’ ಪದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. ಆದರೆ 2014ರ ಕೊನೆಯಿಂದ ಹೋಟೆಲುಗಳು ಹದಿನಾಲ್ಕು ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು, ಹಾಲು, ಮೊಟ್ಟೆ, ಮೀನು ಅದರಲ್ಲಿವೆ. ಆ ಪಟ್ಟಿ ಕೇಳುವುದು ಸುಲಭ ದಾರಿ, ಯಾರೂ ಸಿಟ್ಟಾಗುವುದಿಲ್ಲ. ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಹಳೆಯ ಕ್ರಮದ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದು ದನದ ಕೊಬ್ಬಿನಲ್ಲಿ. ಭಾರತೀಯ ಹೋಟೆಲಿಗೆ ಹೋದರೂ ತುಪ್ಪ, ಮೊಸರಿನ ಬಗ್ಗೆ ಕೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ‘ವೀಗನ್’ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಕೇಳಲು ಸಂಕೋಚವಾದರೆ, 1888ರಿಂದ ಈ ಊರಿನಲ್ಲಿ ಎಷ್ಟು ಜನ ಮಾಣಿಯನ್ನು ಕರೆದು ಇದೇ ಪ್ರಶ್ನೆ ಕೇಳಿದ್ದಾರೆ ಎಂಬುದನ್ನು ನೆನೆಯಿರಿ. ಜೊತೆಗೆ ಇನ್ನೊಂದನ್ನೂ ಯೋಚಿಸಬಹುದು. ಲಂಡನ್ನಿನಲ್ಲಿ ನಮ್ಮ ತಟ್ಟೆಗೆ ಜಾಗ ಕೇಳುವ ನಾವು, ಮುಂಬೈ, ಬೆಂಗಳೂರಿನಲ್ಲಿ ಮನೆ ಬಾಡಿಗೆ ಕೊಡುವಾಗ ‘ಪ್ಯೂರ್ ವೆಜ್ ಮಾತ್ರ’ ಎಂಬ ಬೋರ್ಡನ್ನು ಕಂಡೂ ಸುಮ್ಮನಿರುತ್ತೇವೆ. ಹೋಬರ್ನ್‌ನ ಆ ಎರಡನೆಯ ಊಟದಲ್ಲಿ ಗಾಂಧಿ ಕೇಳಿದ ಪ್ರಶ್ನೆ ಈ ಬೋರ್ಡಿನ ಮುಂದೆಯೂ ಕೇಳುವಂಥದೇ.