ಕಡವೆಗೆ ಎಷ್ಟು ಬೋರಿನ ಗುಂಡು?

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸಿಲೋನಿನ ಬೆಟ್ಟಗಳಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಬೇಕರ್ ಎಂಬ ಆಂಗ್ಲ ಬೇಟೆಗಾರ ತನ್ನ ಶಿಕಾರಿ ಅನುಭವಗಳನ್ನು ಪುಸ್ತಕ ಮಾಡಿದ. ಅದರ ತುಂಬ ‘ಎಲ್ಕ್’ ಓಡಾಡುತ್ತದೆ. ಅಮೆರಿಕದ ಹಿಮಬೆಟ್ಟಗಳ ಪ್ರಾಣಿ ಸಿಲೋನಿಗೆ ಎಲ್ಲಿಂದ ಬಂತು ಎಂದು ಓದುಗ ತಲೆ ಕೆರೆದುಕೊಂಡರೆ ತಪ್ಪಿಲ್ಲ. ಬೇಕರ್ ಎಲ್ಕ್ ಎಂದದ್ದು ನಮ್ಮ ಕಡವೆಯನ್ನು. ಮಳವಳ್ಳಿ ತಾಲ್ಲೂಕಿನ ಹಲಗೂರು, ಮುತ್ತತ್ತಿ, ಬಸವನಬೆಟ್ಟದ ಕಾಡಿನಲ್ಲಿ ಇಂದಿಗೂ ಸಂಜೆ ಹೊತ್ತು ನೀರಿಗಿಳಿಯುವ ಅದೇ ಕಡವೆ.

ಹೆಸರು ತಪ್ಪಾದರೂ ಹೋಲಿಕೆ ತೀರಾ ತಪ್ಪಲ್ಲ. ಬಲಿತ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುತ್ತದೆ. ಬಲಿತ ಗಂಡು ಕಡವೆ ಇನ್ನೂರು ಕಿಲೋ ಮೀರಿ ಕೆಲವೊಮ್ಮೆ ಅದರ ಹತ್ತಿರಕ್ಕೂ ಹೋಗುತ್ತದೆ. ಎರಡಕ್ಕೂ ದಪ್ಪ ಚರ್ಮ, ಗಟ್ಟಿ ಹೆಗಲಮೂಳೆ, ಏಟು ತಿಂದ ಮೇಲೂ ಮೈಲಿಗಟ್ಟಲೆ ಓಡುವ ಜೀವಟ. ಹಾಗಾಗಿ ಅಮೆರಿಕದ ಶಿಕಾರಿ ಪತ್ರಿಕೆಗಳು ಪ್ರತಿ ಶರತ್ಕಾಲದಲ್ಲಿ ಕೇಳುವ “ಎಲ್ಕ್‌ಗೆ ಯಾವ ರೈಫಲ್, ಯಾವ ತೋಟಾ?” ಎಂಬ ಪ್ರಶ್ನೆ ಹಳೆಯ ಮೈಸೂರಿನ ಕಾಡಂಚಿನಲ್ಲಿ ಕಡವೆಯ ಹೆಸರಿನಲ್ಲಿ ಕೇಳಿಬರುತ್ತಿತ್ತು. ಅಲ್ಲಿ ಉತ್ತರ ಕೊಟ್ಟದ್ದು ಕಾರ್ಖಾನೆ. ಇಲ್ಲಿ ಉತ್ತರ ಕೊಟ್ಟದ್ದು ಹೆಚ್ಚಾಗಿ ಕಾಡಿನ ಪೊದೆ ಮತ್ತು ಸರ್ಕಾರದ ಲೈಸೆನ್ಸು.

ಕಥೆ ಶ್ರೀರಂಗಪಟ್ಟಣದಿಂದಲೇ ಶುರುವಾಗಬೇಕು. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಅಲ್ಲಿನ ಕಾರ್ಖಾನೆಗಳಲ್ಲಿ ಫಿರಂಗಿ, ತುಪಾಕಿ, ಕಬ್ಬಿಣದ ನಳಿಗೆಯ ರಾಕೆಟ್ಟು ತಯಾರಾಗುತ್ತಿದ್ದವು. ಹುಲಿಪಟ್ಟೆ, ಹುಲಿಮುಖ ಕೆತ್ತಿದ ಟಿಪ್ಪುವಿನ ಬಂದೂಕುಗಳು 1799ರ ನಂತರ ಲೂಟಿಯಾಗಿ ಸೀಮೆಯ ಅರಮನೆ, ವಸ್ತುಸಂಗ್ರಹಾಲಯಗಳನ್ನು ಸೇರಿದವು. ಕೆಲಸದ ನಾಜೂಕು ಏನೇ ಇರಲಿ, ಅವೆಲ್ಲ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವ ಕೋವಿಗಳು. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡು ಇಟ್ಟು, ಗಜ ಹಾಕಿ ಜಡಿಯಬೇಕು. ಕುದುರೆ ಎಳೆದ ಮೇಲೆ ಮೊದಲು ಹೊರಗಿನ ಬಟ್ಟಲಿನ ಮದ್ದು ಭಗ್ಗೆನ್ನುತ್ತದೆ, ಆಮೇಲೆ ಒಳಗಿನ ಮದ್ದು. ಆ ಅರೆಕ್ಷಣದಲ್ಲಿ ಹಕ್ಕಿ ಹಾರಿಹೋಗುತ್ತದೆ. ಇದರಿಂದ ರೋಸಿಹೋದವನು ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಬಡಿದರೆ ಸಿಡಿಯುವ ರಾಸಾಯನಿಕದಿಂದ ಬೆಂಕಿ ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಹುಟ್ಟಿದ ತಾಮ್ರದ ಪುಟ್ಟ ಟೋಪಿಯೇ ನಮ್ಮವರ ‘ಕೇಪು’. ಮುಂದಿನ ನೂರೈವತ್ತು ವರ್ಷ ಹಳ್ಳಿಯ ಬಂದೂಕಿಗೆ ಜೀವ ಕೊಟ್ಟದ್ದು ಇದೇ ಕೇಪು.

ಬೋರು ಎಂಬ ಲೆಕ್ಕವೂ ಈ ಕಾಲದ್ದೇ. ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಉರುಟು ಗುಂಡು ಎರೆಯಬಹುದೋ ಅದು ಆ ಕೋವಿಯ ಬೋರು. ಹನ್ನೆರಡು ಗುಂಡಾದರೆ ಹನ್ನೆರಡು ಬೋರು, ಒಂದೊಂದು ಗುಂಡಿನ ತೂಕ ಸುಮಾರು 38 ಗ್ರಾಂ. ನಾಲ್ಕು ಬೋರೆಂದರೆ ಒಂದೇ ಗುಂಡು 113 ಗ್ರಾಂ! ಸಂಖ್ಯೆ ಇಳಿದಷ್ಟೂ ಗುಂಡು ಹಿಗ್ಗುವ ಈ ತಲೆಕೆಳಗು ಲೆಕ್ಕ ಇಂದಿಗೂ ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ.

ಕರಿಮದ್ದಿನ ಯುಗದ ತರ್ಕ ಸರಳವಾಗಿತ್ತು. ಗುಂಡಿನ ವೇಗವನ್ನು ಒಂದು ಮಿತಿಗಿಂತ ಏರಿಸಲು ಆಗುವುದಿಲ್ಲ, ಆದ್ದರಿಂದ ತೂಕ ಏರಿಸು. ಮೈಸೂರಿನ ಕಾಲುವೆ ಇಲಾಖೆಯಲ್ಲಿದ್ದು, ಕನ್ನಡ ಕಲಿತು, 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆನೆ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಈ ತರ್ಕದ ತುದಿ ಮುಟ್ಟಿದವನು. ಆನೆ, ಕಾಟಿಗಳಿಗೆ ಅವನು ಹಿಡಿಯುತ್ತಿದ್ದದ್ದು ನಾಲ್ಕು ಬೋರು, ಎಂಟು ಬೋರಿನ ಕೋವಿ. ಹೊರಲು ಒಬ್ಬ ಆಳು ಬೇಕು, ಹಾರಿಸಿದವನ ಹೆಗಲು ವಾರಗಟ್ಟಲೆ ನೋಯಬೇಕು. ಅವನ ಬೇಟೆಯ ಅನುಭವಗಳು 1878ರಲ್ಲಿ ಪುಸ್ತಕವಾದವು. ಬಂದೂಕಿನ ವಿಷಯದಲ್ಲಿ ಸ್ಯಾಂಡರ್ಸನ್ನನ ಬರಹ ಇಂದಿಗೂ ಓದಿಸಿಕೊಳ್ಳುವುದಕ್ಕೆ ಕಾರಣ ಅವನ ಶೌರ್ಯವಲ್ಲ, ಅಳತೆಯ ಮೇಲೆ ಅವನಿಗಿದ್ದ ನಿಷ್ಠೆ.

ಕಡವೆಗೆ ಅಂಥ ಫಿರಂಗಿ ಬೇಕಿರಲಿಲ್ಲ. ಆ ಹೊತ್ತಿಗೆ ‘ಎಕ್ಸ್‌ಪ್ರೆಸ್’ ರೈಫಲ್ ಬಂದಿತ್ತು. ರೈಲಿನಿಂದ ಎರವಲು ಪಡೆದ ಹೆಸರು, ರೈಲಿನಂತೆಯೇ ಓಟ. ಹಗುರ ಗುಂಡಿನ ಹಿಂದೆ ಹೆಚ್ಚು ಮದ್ದು ಹಾಕಿ, ಗುಂಡು ಬೇಗ ಅರಳಲೆಂದು ಮೂತಿ ಕೊರೆದು ಪೊಳ್ಳು ಮಾಡುತ್ತಿದ್ದರು. ಜಿಂಕೆಗೆ ಅದು ಭೇಷ್. ಕಡವೆಯ ಹೆಗಲಮೂಳೆಗೆ ಬಡಿದರೆ ಮಾತ್ರ ಕೆಲವೊಮ್ಮೆ ಒಳಗೆ ಹೋಗುವ ಮೊದಲೇ ಪುಡಿಪುಡಿ. ಗುಂಡು ಅರಳಲೂ ಬೇಕು, ಒಡೆಯಲೂ ಬಾರದು. ಎಲ್ಕ್ ಬೇಟೆಯ ಚರ್ಚೆ ಇಂದಿಗೂ ಸುತ್ತುತ್ತಿರುವುದು ಇದೇ ತೊಡಕಿನ ಸುತ್ತ.

ಪೊದೆಗಾಡಿಗೆ ಇನ್ನೊಂದು ಒಳ್ಳೆಯ ಉಪಾಯವೂ ಅದೇ ಕಾಲದಲ್ಲಿ ಬಂತು. ಕರ್ನಲ್ ಫಾಸ್ಬರಿಯ 1885ರ ಪೇಟೆಂಟನ್ನು ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ‘ಪ್ಯಾರಡಾಕ್ಸ್’ ಎಂಬ ಹೆಸರಿನಲ್ಲಿ ಮಾರಿತು. ನಳಿಗೆಯೆಲ್ಲ ನುಣುಪು, ತುದಿಯ ಕೆಲವೇ ಅಂಗುಲದಲ್ಲಿ ಮಾತ್ರ ಸುರುಳಿ ಗೀರು. ಅದೇ ಕೋವಿಯಲ್ಲಿ ಕಾಡುಕೋಳಿಗೆ ಚರೆ, ಎದುರಿಗೆ ಕಡವೆ ಎದ್ದರೆ ಗುಂಡು.

ಇಷ್ಟೆಲ್ಲ ಸರ್ಕಸ್ಸನ್ನು ಹೊಗೆಯಿಲ್ಲದ ಮದ್ದು ಬುಡಮೇಲು ಮಾಡಿತು. ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ಅದನ್ನು ಕಂಡುಹಿಡಿದ. ಬ್ರಿಟಿಷರ ಕಾರ್ಡೈಟ್ ಕೆಲವೇ ವರ್ಷಗಳಲ್ಲಿ ಬಂತು. ವೇಗ ಏರಿತು, ಗುಂಡು ಸಣ್ಣದಾಯಿತು, ನಳಿಗೆ ತೆಳುವಾಯಿತು. 1898ರಲ್ಲಿ ಜಾನ್ ರಿಗ್ಬಿಯ .450 ನೈಟ್ರೊ ಎಕ್ಸ್‌ಪ್ರೆಸ್ ಬಂದ ಮೇಲೆ ನಾಲ್ಕು ಬೋರಿನ ಕೋವಿಗೆ ಗೋಡೆಯ ಮೊಳೆಯೇ ಗತಿ. ಆದರೆ ಬ್ರಿಟಿಷ್ ಸರ್ಕಾರಕ್ಕೆ ಬೇರೆ ಚಿಂತೆ. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲಿನ ಅಳತೆಯೂ .450, ಶಿಕಾರಿಯ ಗುಂಡು ದಂಗೆಕೋರರ ಕೈಸೇರಿದರೆ? 1907ರ ಸುಮಾರಿಗೆ ಭಾರತದಲ್ಲಿ ಆ ಅಳತೆಗೆ ನಿಷೇಧ ಬಿತ್ತು. ಲಂಡನ್ನಿನ ಕೋವಿ ತಯಾರಕರು .465, .470, .475 ಎಂದು ಕೂದಲೆಳೆ ಹೆಚ್ಚಿಸಿ ಹೊಸ ತೋಟಾ ಮಾಡಿದರು. ಇಂದು ಆಫ್ರಿಕಾದ ಬೇಟೆಗಾರರು ಮೆರೆಸುವ .470ಯ ಹುಟ್ಟಿನ ಹಿಂದೆ ಭಾರತದ ಒಂದು ಸರ್ಕಾರಿ ಆದೇಶವಿದೆ.

ಕಲ್ಕತ್ತೆಯ ಪಕ್ಕದ ಡಮ್‌ಡಮ್ ಕಾರ್ಖಾನೆಯದು ಇನ್ನೊಂದು ವಿಚಿತ್ರ. ಲೋಹದ ಕವಚದಿಂದ ಸೀಸದ ಮೂತಿ ಹೊರಗುಳಿಯುವ, ಮೈಗೆ ಬಡಿದೊಡನೆ ಅರಳುವ ಗುಂಡು ಹೆಸರು ಮಾಡಿದ್ದು ಅಲ್ಲಿ. 1899ರ ಹೇಗ್ ಸಮ್ಮೇಳನ ಅದನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಬೇಟೆಯ ನಿಯಮ ಇದರ ಉಲ್ಟಾ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಲ್ಕ್ ಹೊಡೆಯುವವನು ಅರಳುವ ಗುಂಡನ್ನೇ ಬಳಸಬೇಕು. ಮನುಷ್ಯನ ಮೇಲೆ ಕ್ರೂರವಾದದ್ದು ಪ್ರಾಣಿಯ ವಿಷಯದಲ್ಲಿ ದಯೆ: ಅರಳದ ಗುಂಡು ತೂರಿಕೊಂಡು ಹೋಗಿ, ಗಾಯಗೊಂಡ ಪ್ರಾಣಿ ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ.

ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದಿದ್ದದ್ದು ಅಮೆರಿಕದ .405 ವಿಂಚೆಸ್ಟರ್. ಸುಮಾರು ಹತ್ತೊಂಬತ್ತು ಗ್ರಾಂ ತೂಕದ ಮೊಂಡು ಮೂತಿಯ ಗುಂಡು. ದೂರಕ್ಕೆ ಸಲ್ಲದು, ಹತ್ತಿರದಲ್ಲಿ ಸುತ್ತಿಗೆಯ ಏಟು. ಕಾವೇರಿ ತೀರದ ಬಿದಿರುಮೆಳೆಗಳಲ್ಲಿ ಪ್ರಾಣಿ ಕಾಣುವುದೇ ಮೂವತ್ತು, ಐವತ್ತು ಮೀಟರಿನಲ್ಲಾದ್ದರಿಂದ ಆ ಆಯ್ಕೆ ಸರಿಯಾಗಿತ್ತು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ ಕಥೆಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಮೇಲೆ ಕೋವಿ ಮುಟ್ಟದ ಕನ್ನಡಿಗರಿಗೂ ಈಡು, ತೋಟಾ, ಮರಸು ಎಂಬ ಮಾತುಗಳು ಪರಿಚಯವಾದವು. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈ ಅವರ ‘ಬೇಟೆಯ ನೆನಪುಗಳು’ ಅದೇ ಸಾಲಿನದು, ಆದರೆ ಅದು ಸಾಹೇಬನ ಕಣ್ಣಲ್ಲ, ಊರವನ ಕಣ್ಣು.

ಇದೆಲ್ಲ ಸಾಹೇಬರ, ಅರಮನೆಯ, ಪ್ಲಾಂಟರುಗಳ ಕೋವಿಯ ಮಾತಾಯಿತು. ಮದ್ದೂರು, ಮಳವಳ್ಳಿಯ ರೈತನ ಕೈಯಲ್ಲಿ ಏನಿತ್ತು?

ಕೇಪಿನ ಬಂದೂಕು. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ನಾಲೆಯಲ್ಲಿ ಮಂಡ್ಯಕ್ಕೆ ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು. ಅದನ್ನು ಕಟ್ಟಲು ದುಡಿದ ಲೆಸ್ಲಿ ಕೋಲ್ಮನ್ ಕೆನಡಾದವರು, ಎಲ್ಕ್ ನಾಡಿನಿಂದಲೇ ಬಂದವರು ಎಂಬುದು ಒಂದು ಸೋಜಿಗ. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಆಳೆತ್ತರ ಬೆಳೆದು ವರ್ಷವಿಡೀ ಹಸಿರಾಗಿ ನಿಲ್ಲುವ ಕಬ್ಬು ಕಾಡುಹಂದಿಗೆ ಮನೆಯೂ ಹೌದು, ಊಟವೂ ಹೌದು. ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಬೆಳಗ್ಗೆ ಗದ್ದೆ ಉತ್ತಂತೆ ಕಾಣುತ್ತದೆ. ಅಟ್ಟಣೆ ಕಟ್ಟಿ, ತಗಡು ಬಡಿದು, ಆಗೊಮ್ಮೆ ಈಗೊಮ್ಮೆ ಗಾಳಿಯಲ್ಲಿ ಈಡು ಹಾರಿಸಿ ಕಾಯುವುದು ರೈತನ ಪಾಡು.

ಅವನ ಕೈಯಲ್ಲಿ ಕೇಪಿನ ಬಂದೂಕೇ ಉಳಿದದ್ದು ಬಡತನದಿಂದ ಮಾತ್ರವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ. ಹೀಗೆ ಕಾಡಿನ ಆ ಬದಿಯಲ್ಲಿ ಬಂದೂಕು ನೂರೈವತ್ತು ವರ್ಷ ಮುಂದಕ್ಕೆ ಓಡಿದರೆ, ಗದ್ದೆಯ ಈ ಬದಿಯಲ್ಲಿ ಕಾನೂನೇ ಅದನ್ನು ಫೋರ್ಸಿತ್ ಪಾದ್ರಿಯ ಪಕ್ಕದಲ್ಲಿ ಕೂರಿಸಿತು. ಇದರಲ್ಲಿ ಜಾಣತನವೂ ಇದೆ. ಒಮ್ಮೆ ಹಾರಿಸಿ ಮತ್ತೆ ತುಂಬಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುವ ಕೋವಿಯಿಂದ ಹಂದಿ ಓಡಿಸಬಹುದು, ಹಿಂಡು ಕೊಲ್ಲಲಾಗದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಮಂಡ್ಯದವರಿಗೆ ಇಲ್ಲ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕೂ ಪೊಲೀಸ್ ಠಾಣೆ ಸೇರುತ್ತದೆ. ಹಂದಿಗಳಿಗೆ ನೀತಿಸಂಹಿತೆ ಗೊತ್ತಿಲ್ಲ.

ಸ್ವಾತಂತ್ರ್ಯದ ನಂತರ ಲೈಸೆನ್ಸುದಾರ ಶಿಕಾರಿಗೆ ಉಳಿದದ್ದು ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಾಲು. ಸೇನೆಯ .303 ಅಳತೆ ಜನಸಾಮಾನ್ಯರಿಗೆ ನಿಷಿದ್ಧವಾದ್ದರಿಂದ ಈಶಾಪುರದಲ್ಲಿ .315 ರೈಫಲ್ ತಯಾರಾಯಿತು. ಗುಂಡು 244 ಗ್ರೇನ್, ಅಂದರೆ ಹದಿನಾರು ಗ್ರಾಮಿಗೆ ತುಸು ಕಡಿಮೆ. ಕಾಗದದಲ್ಲಿ ನೋಡಿದರೆ ಕಡವೆಗೆ ಧಾರಾಳ ಸಾಕು. ಆದರೂ ಹೆಚ್ಚಿನವರು ಕೈಬಿಡದಿದ್ದದ್ದು ಹನ್ನೆರಡು ಬೋರಿನ ಜೋಡುನಳಿಗೆಯನ್ನು, ಅದರೊಳಗೆ ಎಲ್‌ಜಿ ಅಥವಾ ಎಸ್‌ಜಿ ತೋಟಾವನ್ನು. ಒಂದೇ ತೋಟಾದಲ್ಲಿ ಕೆಲವೇ ದಪ್ಪ ಗುಂಡು ಹಿಡಿಸುವ ಈ ಈಡು ಮೂವತ್ತು ಮೀಟರಿನೊಳಗೆ ಭಯಂಕರ, ಐವತ್ತರಾಚೆ ಬರೀ ಗಾಯ ಮಾಡುವ ಪಾಪ. ಹಳೆಯ ಶಿಕಾರಿ ಬರಹಗಳಲ್ಲಿ ರಕ್ತದ ಜಾಡು ಹಿಡಿದು ಇಡೀ ದಿನ ಅಲೆದ ಪ್ರಸಂಗಗಳು ಅಷ್ಟೊಂದಿರುವುದಕ್ಕೆ ಇದೂ ಒಂದು ಕಾರಣ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಲೈಸೆನ್ಸಿನ ಬೇಟೆಗೆ ಉಳಿದಿದ್ದ ಕಲಮುಗಳನ್ನೂ ಕಿತ್ತಿತು. ನಡುವೆ 1987ರಲ್ಲಿ ಮುತ್ತತ್ತಿಯ ಸುತ್ತಲ ಕಾಡು ಕಾವೇರಿ ವನ್ಯಜೀವಿಧಾಮದ ಪಾಲಾಯಿತು. ಕಡವೆಗೆ ಯಾವ ಗುಂಡು ಎಂಬ ಪ್ರಶ್ನೆ ಇಲ್ಲಿ ಕಾನೂನಿನ ಲೆಕ್ಕದಲ್ಲಿ ಮುಗಿಯಿತು. ಕದ್ದು ಹೊಡೆಯುವವರ ನಾಡಬಂದೂಕಿಗೆ, ಹಂದಿಗೆಂದು ಇಟ್ಟು ದನದ ಬಾಯಿ ಸಿಡಿಸುವ ಸಿಡಿಮದ್ದಿಗೆ ಆಯ್ಕೆಯ ಸೂಕ್ಷ್ಮವೇನೂ ಇಲ್ಲ.

ಅಮೆರಿಕದಲ್ಲಿ ಚರ್ಚೆ ನಿಂತಿಲ್ಲ. ಅಲ್ಲಿ ಸಮಸ್ಯೆ ದೂರ: ಕಣಿವೆಯ ಆಚೆ ಬದಿಯಲ್ಲಿ ಮುನ್ನೂರು ಮೀಟರಿಗೆ ಎಲ್ಕ್ ನಿಂತಿರುತ್ತದೆ. 1906ರ .30-06, 1925ರ .270, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ, ಮರುವರ್ಷದ .300 ವಿಂಚೆಸ್ಟರ್ ಮ್ಯಾಗ್ನಂ ಎಲ್ಲವೂ ಆ ದೂರವನ್ನು ನುಂಗಲು ಬಳಕೆಗೆ ಬಂದವು. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಎಲ್ಕ್‌ಗೆ ಸಾಕೇ ಸಾಲದೇ ಎಂಬ ಜಗಳ ಇನ್ನೂ ಬಿಸಿಯಾಗಿದೆ. ನಿಜಕ್ಕೂ ದೊಡ್ಡ ಹೆಜ್ಜೆ ತೋಟಾದ್ದಲ್ಲ, ಗುಂಡಿನದು. ಮೂಸ್ ಬೇಟೆಯಲ್ಲಿ ತನ್ನ ಗುಂಡು ಒಡೆದು ವ್ಯರ್ಥವಾದದ್ದನ್ನು ಕಂಡ ಜಾನ್ ನೋಸ್ಲರ್, ಗುಂಡಿನೊಳಗೆ ಅಡ್ಡಗೋಡೆ ಇಟ್ಟು ಮುಂಭಾಗ ಅರಳುವಂತೆ, ಹಿಂಭಾಗ ಗಟ್ಟಿಯಾಗಿ ಉಳಿಯುವಂತೆ ಮಾಡಿ 1948ರಲ್ಲಿ ಮಾರುಕಟ್ಟೆಗೆ ತಂದ. ಎಕ್ಸ್‌ಪ್ರೆಸ್ ಕಾಲದ ತೊಡಕಿಗೆ ಪರಿಹಾರ ಸಿಕ್ಕಿದ್ದು ಅಲ್ಲಿ. ಈಗಿನ ತಕರಾರು ಸೀಸದ್ದು; ಸತ್ತ ಪ್ರಾಣಿಯ ಕರುಳಿನಲ್ಲಿ ಉಳಿದ ಸೀಸ ತಿಂದು ರಣಹದ್ದುಗಳು ಸಾಯುತ್ತವೆಂದು ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿದೆ.

ಮಂಡ್ಯದ ಕಬ್ಬಿನ ಗದ್ದೆಗೆ ಈಗ ಹಂದಿಯ ಜೊತೆ ಚಿರತೆಯೂ ಬಂದು ಸೇರಿದೆ. ಬೋನಿಗೆ ಬೀಳದ ಚಿರತೆಗೆ ಪಶುವೈದ್ಯರು ತರುವ ಕೋವಿಯ ಮೂಲ ಸೀಮೆಯ ಶಿಕಾರಿಯಲ್ಲ, ಕಾಲಿನ್ ಮರ್ಡೋಕ್ ಎಂಬ ನ್ಯೂಜಿಲೆಂಡ್ ಔಷಧ ವ್ಯಾಪಾರಿ 1950ರ ದಶಕದಲ್ಲಿ ಮಾಡಿದ ಅರಿವಳಿಕೆ ಕೋವಿ. ಇಲ್ಲಿ ಎಲ್ಲ ಲೆಕ್ಕವೂ ತಿರುಗುಮುರುಗು. ವೇಗ ಹೆಚ್ಚಾದರೆ ಸೂಜಿ ಮೂಳೆ ಮುರಿಯುತ್ತದೆ, ಕಡಿಮೆಯಾದರೆ ಚರ್ಮಕ್ಕೆ ತಾಗಿ ಬೀಳುತ್ತದೆ. ಹೆಗಲಿಗಲ್ಲ, ತೊಡೆಯ ಮಾಂಸಕ್ಕೆ ಗುರಿ. ಕೆಟಮಿನ್, ಕ್ಸೈಲಜಿನ್ ಮದ್ದುಗಳನ್ನು ಎಷ್ಟು ಬೆರೆಸಬೇಕೆನ್ನುವುದು ಕಬ್ಬಿನ ಸಂದಿಯಲ್ಲಿ ಅರೆಬರೆ ಕಂಡ ಪ್ರಾಣಿಯ ತೂಕವನ್ನು ಕಣ್ಣಂದಾಜಿನಲ್ಲಿ ಅಳೆದ ಮೇಲೆ. ಮದ್ದು ಏರಲು ಹಿಡಿಯುವ ಹತ್ತಾರು ನಿಮಿಷದಲ್ಲಿ ಚಿರತೆ ಎತ್ತ ನುಗ್ಗುತ್ತದೋ ತಿಳಿಯದು. ವೈದ್ಯರು ಗಾಳಿಯ ಒತ್ತಡ ತಿರುಪಿ ಇಳಿಸುತ್ತಾರೆ, ಗದ್ದೆಬದುವಿನ ಮೇಲೆ ಮೊಬೈಲ್ ಎತ್ತಿ ನಿಂತ ಜನರನ್ನು ಪೊಲೀಸರು ಹಿಂದಕ್ಕೆ ಅಟ್ಟುತ್ತಾರೆ.