ಚಿಮಣಿ ಲೈನರ್ ತೆರವು

ಬೆಂಕಿಗೂಡು, ಸೌದೆ ಒಲೆ ಅಥವಾ ಬಾಯ್ಲರ್‌ನ ಹೊಗೆಯನ್ನು ಚಾವಣಿಯ ಮೇಲಕ್ಕೆ ಒಯ್ಯುವ ಇಟ್ಟಿಗೆ ಚಿಮಣಿಯ ಒಳಗಿನಿಂದ ಹಳೆಯ ಒಳಕೊಳವೆಯನ್ನು, ಅಂದರೆ ಲೈನರನ್ನು, ಒಡೆದೋ ಎಳೆದೋ ಹೊರತೆಗೆಯುವ ಕೆಲಸ. ಕನ್ನಡದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿಯೂ ಹೌದು, ಈಚೆಗೆ ಅಡುಗೆಮನೆಯ ಹೊಗೆ ಹೀರುವ ಯಂತ್ರವೂ ಹೌದು. ಇಲ್ಲಿನ ವಿಷಯ ಅವೆರಡೂ ಅಲ್ಲ. ಅಮೆರಿಕ, ಬ್ರಿಟನ್, ಜರ್ಮನಿಯಂಥ ಚಳಿನಾಡುಗಳಲ್ಲಿ ಇದು ಚಿಮಣಿ ಕಸುಬಿನವರ ಭಾರಿ ಕೆಲಸಗಳಲ್ಲೊಂದು.

ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಲೈನರ್ ಎಂಬುದೇ ಇರಲಿಲ್ಲ. ಸುಣ್ಣದ ಗಾರೆಗೆ ಸಗಣಿ ಬೆರೆಸಿ ಒಳಮೈಗೆ ಮೆತ್ತುತ್ತಿದ್ದರು; ಸಗಣಿ ಸಾರಿಸಿದ ನೆಲ ಕಂಡವರಿಗೆ ಇದು ತೀರ ಹೊಸದೇನಲ್ಲ. ಅಲ್ಲಿ ಹೊಸ ಚಿಮಣಿಗೆ ಲೈನರ್ ಕಡ್ಡಾಯವಾದದ್ದು 1965ರ ಕಟ್ಟಡ ನಿಯಮಗಳಿಂದ. ಅಮೆರಿಕದಲ್ಲಿ ಸುಟ್ಟ ಜೇಡಿಮಣ್ಣಿನ ಕೊಳವೆಗಳೇ ಹೆಚ್ಚು. ಒಂದೊಂದೂ ಎರಡು ಅಡಿ ಉದ್ದ, ಒಂದರ ಮೇಲೊಂದು ಗಾರೆಯಲ್ಲಿ ಕೂರಿಸಿದ್ದು. ಮೂವತ್ತು ಅಡಿ ಚಿಮಣಿಯಲ್ಲಿ ಅಂಥವು ಹದಿನೈದು. ಎಂಟಿಂಚಿನ ಚೌಕ ಕೊಳವೆಯ ತೂಕ ಹದಿನೈದು ಕಿಲೋ ಆಸುಪಾಸು. ಅಂದರೆ ಎರಡು ಕ್ವಿಂಟಲ್‌ಗೂ ಮೀರಿದ ಮಣ್ಣಿನ ಚೂರು ಮನೆಯ ನಡುವಿನಿಂದಲೇ ಇಳಿದು ಬರಬೇಕು.

ಕೊಳವೆ ಕೆಡಲು ಮೊದಲ ಕಾರಣ ಚಿಮಣಿಯೊಳಗಿನ ಬೆಂಕಿ. ಸೌದೆ ಹೊಗೆಯ ಜಿಡ್ಡು, ಅಂದರೆ ಕ್ರಿಯೋಸೋಟ್, ಒಳಮೈಗೆ ಅಂಟಿ ಒಮ್ಮೆಲೆ ಹೊತ್ತಿಕೊಂಡಾಗ ಮಣ್ಣಿನ ಕೊಳವೆ ಒಳಬದಿಯಲ್ಲಿ ಹಿಗ್ಗಿ ಉದ್ದಕ್ಕೆ ಸೀಳುತ್ತದೆ. ಗ್ಯಾಸ್ ಬಾಯ್ಲರ್‌ನ ಹೊಗೆ ತಂಪಾಗಿ ಆಮ್ಲದ ಹನಿಯಾಗಿ ಇಳಿದರೆ ಮೈ ಪದರ ಪದರವಾಗಿ ಉದುರುತ್ತದೆ. ಆದರೆ ಎಷ್ಟೋ ಸಲ ಕೊಳವೆ ಗಟ್ಟಿಯಾಗಿದ್ದರೂ ತೆಗೆಯಬೇಕಾಗುವುದು ಜಾಗಕ್ಕಾಗಿ. ಎಂಟಿಂಚಿನದೆಂದು ಕರೆಯುವ ಕೊಳವೆಯ ಒಳಗೆ ಏಳಿಂಚೂ ಇರುವುದಿಲ್ಲ. ಆರಿಂಚಿನ ಉಕ್ಕಿನ ಲೈನರ್‌ಗೆ ಶಾಖ ತಡೆಯುವ ಅರ್ಧ ಇಂಚಿನ ಹೊದಿಕೆ ಸುತ್ತಿದರೆ ಅದು ಇಳಿಯದು. ಇಳಿಯುವಷ್ಟು ಜಾಗವಿದ್ದಲ್ಲಿ ಹಳೆಯದನ್ನು ಕೆದಕದೆ ಬಿಡುವುದೇ ಜಾಣತನ.

ಒಡೆಯುವ ಮುನ್ನ ಮಸಿ ಗುಡಿಸಿ, ಒಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ 211ನೇ ಮಾನದಂಡ, ಚಿಮಣಿಗೆ ಬೆಂಕಿ ಬಿದ್ದ ಬಳಿಕ ಮತ್ತು ಲೈನರ್ ಬದಲಿಸುವಾಗ ಎರಡನೇ ಹಂತದ ತಪಾಸಣೆ ಕೇಳುತ್ತದೆ. ನೋಡಬೇಕಾದ್ದು ಬಿರುಕುಗಳನ್ನು ಮಾತ್ರವಲ್ಲ. ಕೊಳವೆಗೂ ಇಟ್ಟಿಗೆಗೂ ನಡುವೆ ಗಾಳಿಯ ಸಂದು ಇದೆಯೇ, ಇಲ್ಲ ಕಟ್ಟಿದವರು ಅಲ್ಲೆಲ್ಲ ಗಾರೆ ಸುರಿದಿದ್ದಾರೆಯೇ ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ಸಂದಿದ್ದರೆ ಒಡೆದ ಚೂರು ತಾನೇ ಕಳಚುತ್ತದೆ. ಗಾರೆ ತುಂಬಿದ್ದರೆ ಕಚ್ಚಿಕೊಂಡೇ ಇರುತ್ತದೆ.

ಬಳಿಕ ಒಲೆ ಕಳಚಿಟ್ಟು, ಬೆಂಕಿಗೂಡಿನ ಬಾಯಿಗೆ ಹಲಗೆ, ಪ್ಲಾಸ್ಟಿಕ್ ಹಾಳೆ ಬಿಗಿದು, ಸಣ್ಣ ದೂಳನ್ನೂ ಹಿಡಿಯುವ ನಿರ್ವಾತ ಯಂತ್ರ ಇಡುತ್ತಾರೆ. ಮೇಲೆ ಸಿಮೆಂಟಿನ ತಲೆಹಾಸು ಒಡೆದು, ಕೈಗೆಟಕುವ ಮೊದಲ ಕೊಳವೆಗಳನ್ನು ಗ್ರೈಂಡರಿನಲ್ಲಿ ಸೀಳಿ, ಉಳಿ ಸುತ್ತಿಗೆಯಲ್ಲಿ ಬಿಡಿಸುತ್ತಾರೆ. ಅದಕ್ಕಿಂತ ಆಳಕ್ಕೆ ಹಿಂದೆಲ್ಲ ಉದ್ದನೆಯ ಉಕ್ಕಿನ ಹಾರೆ, ಹಗ್ಗಕ್ಕೆ ಕಟ್ಟಿದ ಭಾರದ ಗುಂಡು. ಈಗ ಹೆಚ್ಚಾಗಿ ಬಳಸುವುದು ಸರಪಳಿ ತಲೆಯ ಸಾಧನ: ಒಂದಕ್ಕೊಂದು ಜೋಡಿಸುತ್ತ ಹೋಗುವ ಕಂಬಿಗಳ ತುದಿಯಲ್ಲಿ ಸರಪಳಿ ಅಥವಾ ತೂಗುವ ಸುತ್ತಿಗೆಗಳಿದ್ದು, ಮೇಲಿನಿಂದ ಭಾರಿ ಡ್ರಿಲ್ ಅವನ್ನು ತಿರುಗಿಸುತ್ತದೆ. ತಿರುಗುವ ಸರಪಳಿ ಅಗಲಕ್ಕೆ ಹರಡಿ ಒಳಮೈಗೆ ಬಡಿಯುತ್ತದೆ. ಕೆಳಗಿನ ಕೊಳವೆ ಮೇಲಿನವುಗಳ ಭಾರ ಹೊತ್ತಿರುವುದರಿಂದ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೇ ಒಡೆಯುತ್ತಾರೆ. ನಡುನಡುವೆ ನಿಲ್ಲಿಸಿ ಚೂರು ಬಾಚಬೇಕು. ಅವಸರಕ್ಕೆ ಬಿದ್ದರೆ ಚೂರೆಲ್ಲ ಒಂದೆಡೆ ಕಚ್ಚಿ ದಾರಿ ಕಟ್ಟಿಕೊಳ್ಳುತ್ತದೆ. ಬೆಂಕಿಗೂಡಿನ ಮೇಲ್ಗಡೆ ಹಿಂಬದಿಗೆ ಹಲಗೆಯಂತೆ ಚಾಚಿರುವ ಹೊಗೆಹಲಗೆಯ ಮೇಲೆ ನಿಂತ ರಾಶಿಯನ್ನು ಕೈಯಲ್ಲೇ ತೋಡಬೇಕು. ಚಿಮಣಿ ಓರೆಯಾಗಿ ತಿರುಗಿದಲ್ಲಿ ಕಂಬಿ ಬಾಗುವುದಿಲ್ಲ, ಪಕ್ಕದ ಗೋಡೆಗೇ ಕಿಂಡಿ ಕೊರೆಯಬೇಕಾಗುತ್ತದೆ.

ಈ ಸರಪಳಿ ಸಾಧನಕ್ಕೆ ಕೊಳವೆ ಯಾವುದು, ಗೋಡೆ ಯಾವುದು ಎಂಬ ವಿವೇಕವಿಲ್ಲ. ಬ್ರಿಟನ್ನಿನ ಸಾಲುಮನೆಗಳಲ್ಲಿ ಒಂದೇ ಚಿಮಣಿಯೊಳಗೆ ಹಲವು ಹೊಗೆದಾರಿಗಳಿದ್ದು, ನಡುವೆ ಅರ್ಧ ಇಟ್ಟಿಗೆಯ ಗೋಡೆಯಷ್ಟೇ ಇರುತ್ತದೆ. ಅದು ತೂತಾದರೆ ಒಂದು ಮನೆಯ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಮನೆಯ ಕೋಣೆಗೆ ನುಗ್ಗಬಹುದು.

ಬಳುಕುವ ಉಕ್ಕಿನ ಲೈನರ್ ತೆಗೆಯುವುದು ಮಣ್ಣಿನ ಕೊಳವೆ ಒಡೆಯುವುದಕ್ಕಿಂತ ಸುಲಭ: ಕೆಳಗಿನ ಜೋಡಣೆ ಬಿಚ್ಚಿ, ಮೇಲಿನ ಟೋಪಿ, ಹಿಡಿಪಟ್ಟಿ ತೆಗೆದು, ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಾರೆ, ಬಾರದಿದ್ದರೆ ತುಂಡರಿಸುತ್ತಾರೆ. ಸುತ್ತ ವರ್ಮಿಕ್ಯುಲೈಟ್ ಕಾಳು ತುಂಬಿದ್ದರೆ ಮೊದಲು ಅದನ್ನು ಕೆಳಗಿನಿಂದ ಇಳಿಸಿಕೊಳ್ಳಬೇಕು. ಕಲ್ನಾರು ಸಿಮೆಂಟಿನ ಕೊಳವೆ ಎಂಬ ಅನುಮಾನ ಬಂದರೆ ಒಡೆಯುವ ಮಾತೇ ಇಲ್ಲ. ಅದು ಕಲ್ನಾರು ತೆರವಿನ ತಜ್ಞರಿಗೆ ಬಿಡುವ ಕೆಲಸ. ಜರ್ಮನಿಯಲ್ಲಿ ಮೇಲೆ ಹೇಳಿದಂಥ ಸರಪಳಿ ಸಾಧನದಿಂದಲೇ ಇಟ್ಟಿಗೆಯ ಒಳಮೈಯನ್ನೇ ಕೆಲವು ಸೆಂಟಿಮೀಟರ್ ಕೆರೆದು ಹೊಗೆದಾರಿ ಅಗಲಿಸುವ ವಿಧಾನವೂ ಬಳಕೆಯಲ್ಲಿದೆ.

ಜೇಡಿಕೊಳವೆಯ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಕೆಡಿಸುತ್ತದೆ. ಮಸಿಯ ಅಪಾಯ ಇನ್ನೂ ಹಳೆಯದು: ಚಿಮಣಿ ಗುಡಿಸುವವರ ವೃಷಣಕೋಶದ ಕ್ಯಾನ್ಸರ್‌ಗೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದ. ಆದ್ದರಿಂದ ಬಟ್ಟೆಯ ಮುಸುಕು ಸಾಲದು, ಸೋಸುಕವಿರುವ ಮುಖಗವಸೇ ಬೇಕು.

ತೆರವಾದ ಮೇಲೆ ಮತ್ತೆ ಕ್ಯಾಮೆರಾ ಇಳಿಸಿ, ಸಡಿಲಗೊಂಡ ಇಟ್ಟಿಗೆ, ಉದುರಿದ ಸಂದುಗಾರೆ ಸರಿಪಡಿಸುತ್ತಾರೆ. ಹೊಸ ಲೈನರ್ ಕೂರುವವರೆಗೆ ಆ ಚಿಮಣಿಯ ಕೆಳಗೆ ಬೆಂಕಿ ಹಚ್ಚುವಂತಿಲ್ಲ.