ಒತ್ತಕ್ಷರ ಕಳಚಿದ ಜಾಹೀರಾತು

ಪಶ್ಚಿಮ ಸಿಡ್ನಿಯ ಬಡಾವಣೆ ಗಿರಾವೀನ್. ಮೂಲನಿವಾಸಿಗಳ ನುಡಿಯಿಂದ ಬಂದ ಈ ಹೆಸರಿಗೆ 'ಹೂಗಳ ತಾಣ' ಎಂದರ್ಥ. ಭಾರತೀಯ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಇಂಥ ಕಡೆ ಕನ್ನಡದ ಜಾಹೀರಾತು, ಭಾಷೆ ಓದಲು ಬಾರದ ವಿನ್ಯಾಸಕಾರರ ಕೈಗೆ ಸಿಕ್ಕರೆ 'ಅಮ್ಮ' ಎಂಬುದು 'ಅಮ್‌ಮ' ಆಗುತ್ತದೆ.

ಇದು ಹೊಸ ಕಾಲದ ತಪ್ಪು. 1843ರಲ್ಲಿ ಮಿಷನರಿ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕೈಬರಹವೇ ಕಲ್ಲಿಗಿಳಿಯುತ್ತಿದ್ದರಿಂದ ಒತ್ತು ಕಳಚುವ ಮಾತಿರಲಿಲ್ಲ. ಸೀಸದ ಮೊಳೆಗಳ ಅಚ್ಚಿನಲ್ಲಾದರೆ, ಮೊಳೆ ಜೋಡಿಸುವವನಿಗೂ ಕರಡು ತಿದ್ದುವವನಿಗೂ ಕನ್ನಡ ಗೊತ್ತಿರಲೇಬೇಕಿತ್ತು. ಆ ಎರಡು ಜೊತೆ ಕಣ್ಣುಗಳೇ ಜಾಹೀರಾತಿನ ಕಾವಲು.

ಕಂಪ್ಯೂಟರ್ ಆ ಕಾವಲನ್ನು ಕೈಬಿಟ್ಟಿತು. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು, ನಿಜ. ಅದು ಅಕ್ಷರಗಳಿಗೆ ಸಂಖ್ಯೆ ಕೊಡುತ್ತದೆ. ಒತ್ತನ್ನು ಅಡಿಯಲ್ಲಿ ಕೂರಿಸುವುದು ತಂತ್ರಾಂಶದ ಕೆಲಸ. ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಇಲ್ಲದ, ಅಥವಾ ಅದನ್ನು ಆರಿಸಿಕೊಳ್ಳದ ವಿನ್ಯಾಸ ತಂತ್ರಾಂಶದಲ್ಲಿ ಪಠ್ಯ ಅಂಟಿಸಿದರೆ ಮಕಾರ ಒಡೆದು ಪಕ್ಕಕ್ಕೆ ನಿಲ್ಲುತ್ತದೆ. ಬೆಂಗಳೂರಿನ ಫ್ಲೆಕ್ಸ್‌ಗಳಲ್ಲೂ ಇದೇ ಗಾಯ.

ಇಂಗ್ಲಿಷ್ ಕೂಡ ಪಾರಾಗಿಲ್ಲ. 2018ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ ಹೊರತಂದ 50 ಡಾಲರ್ ನೋಟಿನಲ್ಲಿ ಶಾಸಕಿ ಈಡಿತ್ ಕೋವನ್ ಅವರ ಭಾಷಣದ ಸೂಕ್ಷ್ಮಬರಹವಿದೆ. ಅದರಲ್ಲಿ 'ರೆಸ್ಪಾನ್ಸಿಬಿಲಿಟಿ' ಪದದ ಒಂದು 'ಐ' ಬಿಟ್ಟುಹೋಗಿತ್ತು. ಅಂಥ ಸುಮಾರು 4.6 ಕೋಟಿ ನೋಟುಗಳು ಚಲಾವಣೆಗೆ ಬಂದಿದ್ದವು. ತಪ್ಪು ಸುದ್ದಿಯಾದದ್ದು 2019ರ ಮೇನಲ್ಲಿ.

ಆದರೆ ಅಲ್ಲಿ ಬಿಟ್ಟುಹೋದ ಅಕ್ಷರ ಕಾಣಲು ಭೂತಗನ್ನಡಿ ಬೇಕು. ಒತ್ತು ಕಳಚಿದ 'ಅಮ್ಮ' ರಸ್ತೆಯ ಆಚೆಯಿಂದಲೇ ಕಣ್ಣಿಗೆ ಚುಚ್ಚುತ್ತದೆ. ಗಿರಾವೀನ್‌ನಲ್ಲಿ ಅಕ್ಷರ ಕಲಿಯುತ್ತಿರುವ ಮಗುವೂ ಅದನ್ನೇ ಓದುತ್ತದೆ.